ಮೇಷ್ಟರ ಮನೆಯ ಔಷಧಗಳು

ತೀರ್ಥಹಳ್ಳಿಯ ಕಡೆಯ ಒಂದೂರಿನಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಗಣಿತ ಕಲಿಸಿ ನಿವೃತ್ತರಾದ ಮೇಷ್ಟರೊಬ್ಬರು, ತಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಪೇಟೆಯಿಂದ ಮನೆಗೆ ಬರುವ ದಾರಿಯನ್ನು ಮರೆತು, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಸಂಜೆಯವರೆಗೂ ಕುಳಿತಿದ್ದರು. ಹುಡುಕಿಕೊಂಡು ಬಂದ ಮಗನನ್ನು ನೋಡಿ, "ತಾವು ಯಾರು? ಯಾವೂರಾಯಿತು?" ಎಂದು, ಹೊಸ ಅತಿಥಿಯನ್ನು ವಿಚಾರಿಸುವ ಸೌಜನ್ಯದಿಂದ ಕೇಳಿದರಂತೆ. ಹುಟ್ಟಿದಂದಿನಿಂದ ಏಕವಚನದಲ್ಲಿ ಕರೆಸಿಕೊಂಡ ಮಗನಿಗೆ ಆ ಬಹುವಚನವು ತಾಗಿದಷ್ಟು ಬೇರೆ ಯಾವ ಮಾತೂ ತಾಗಲಿಲ್ಲ.

ಇದಕ್ಕೆ ಎರಡು ವರ್ಷ ಮೊದಲೇ ಲಕ್ಷಣಗಳು ತೋರಿದ್ದವು. ಹಾಲಿನವನ ಲೆಕ್ಕ ತಪ್ಪುತ್ತಿತ್ತು, ಹೇಳಿದ್ದನ್ನೇ ಹೇಳುತ್ತಿದ್ದರು. ಆದರೆ ಅರವತ್ತಕ್ಕೆ ಅರಳುಮರಳು ಎಂಬ ಗಾದೆಯೊಂದು ನಮ್ಮಲ್ಲಿ ಸದಾ ಸಿದ್ಧವಾಗಿರುತ್ತದೆಯಲ್ಲವೆ? ನೆರೆಹೊರೆಯವರು ಅದನ್ನು ಹೇಳಿದರು, ಮನೆಯವರು ನಂಬಿದರು. ಕನ್ನಡದ ಗಾದೆಗಳಲ್ಲಿ ಇಷ್ಟು ಕೇಡು ಮಾಡಿದ್ದು ಮತ್ತೊಂದಿರಲಾರದೆಂದು ನನ್ನ ಅಭಿಪ್ರಾಯ. ಏಕೆಂದರೆ ಅದು ರೋಗವನ್ನು ವಯೋಧರ್ಮವೆಂದು ಸಾರಿ, ಚಿಕಿತ್ಸೆಯ ಬಾಗಿಲನ್ನೇ ಮುಚ್ಚಿಬಿಡುತ್ತದೆ. 1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್‌ಝೈಮರ್, ಮುಂದೆ ತಮ್ಮ ಹೆಸರನ್ನೇ ಪಡೆದ ಮರೆವಿನ ವ್ಯಾಧಿಯನ್ನು ವಿದ್ವತ್ಸಭೆಯೊಂದರಲ್ಲಿ ವಿವರಿಸಿದಾಗ ಅವರ ಮುಂದಿದ್ದ ನಿದರ್ಶನವು ಮುದುಕಿಯದಲ್ಲ. ಐವತ್ತರ ಆಸುಪಾಸಿನಲ್ಲಿಯೇ ಸ್ಮೃತಿ ಕಳೆದುಕೊಂಡು ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಸೇರಿದ್ದ ಆಗುಸ್ಟೆ ಡೀಟರ್ ಎಂಬ ಗೃಹಿಣಿಯದು. ಆಕೆಯ ಮರಣಾನಂತರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಅವರು ಕಂಡದ್ದು, ಜೀವಕೋಶಗಳ ನಡುವೆ ಹೆಪ್ಪುಗಟ್ಟಿದ ಮಚ್ಚೆಗಳನ್ನು ಮತ್ತು ಕೋಶಗಳೊಳಗೆ ಸಿಕ್ಕುಸಿಕ್ಕಾದ ಎಳೆಗಳನ್ನು. ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು ಶೇಕಡಾ 7.4 ಮಂದಿಗೆ, ಅಂದರೆ 88 ಲಕ್ಷ ಜನಕ್ಕೆ, ಒಂದಲ್ಲ ಒಂದು ಬಗೆಯ ಡಿಮೆನ್ಷಿಯಾ, ಎಂದರೆ ಮರೆವಿನ ಕಾಯಿಲೆ, ಇರುವುದಾಗಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ.

ಬೆಂಗಳೂರಿನ ತಜ್ಞರು ಮೇಷ್ಟರನ್ನು ಪರೀಕ್ಷಿಸಿ, ಇದು ಆಲ್‌ಝೈಮರ್ ವ್ಯಾಧಿ, ಪೂರ್ತಿ ಗುಣವಾಗತಕ್ಕದ್ದಲ್ಲ, ಮಾತ್ರೆ ಕೊಡುತ್ತೇವೆ, ಆರು ತಿಂಗಳ ಮೇಲೆ ಬನ್ನಿ ಎಂದರು. ಆ ಮಾತು ಸತ್ಯವೇ. ಆದರೆ ವೈದ್ಯರ ವಾಕ್ಯ ಮುಗಿದೆಡೆಯಲ್ಲಿಯೇ ಕುಟುಂಬದ ಅಲೆದಾಟ ಆರಂಭವಾಯಿತು. "ಏನೂ ಮಾಡದೆ ಕೂತರೆ ಅಪ್ಪಯ್ಯನ್ನ ಕೈಬಿಟ್ಟ ಹಾಗಾಗ್ತದೆ" ಎಂದು ಮಗ ನನ್ನೊಡನೆ ಹೇಳಿದನು. ಇಂತಹ ಹುಡುಕಾಟವನ್ನು ಮೌಢ್ಯವೆಂದು ಹಳಿಯುವವರು ಈ ಮಾತನ್ನು ಒಮ್ಮೆ ಕೇಳಬೇಕು.

ಮೊದಲು ಬಂದದ್ದು ಹಿತ್ತಿಲಿನ ಒಂದೆಲಗ. ಮಲೆನಾಡಿನಲ್ಲಿ ಅದರ ತಂಬುಳಿಯನ್ನು ಉಣ್ಣದ ಮನೆಯಿಲ್ಲ. ಚರಕಸಂಹಿತೆಯು ಮೇಧ್ಯ, ಅಂದರೆ ಬುದ್ಧಿವರ್ಧಕ, ರಸಾಯನಗಳೆಂದು ಹೇಳುವ ನಾಲ್ಕರಲ್ಲಿ ಮಂಡೂಕಪರ್ಣಿಯೆಂಬ ಈ ಒಂದೆಲಗವೂ ಒಂದು, ಉಳಿದವು ಯಷ್ಟಿಮಧು, ಅಮೃತಬಳ್ಳಿ, ಶಂಖಪುಷ್ಪಿ. ಆ ಬಳಿಕ ನೀರುಬ್ರಾಹ್ಮಿಯ ಘೃತ, ಶಿರೋಧಾರೆ, ಬೆಳಗಿನ ಹೊತ್ತು ಎರಡು ಚಮಚ ಕೊಬ್ಬರಿಎಣ್ಣೆ. ಅಮೆರಿಕದಲ್ಲಿದ್ದ ಮಗಳು ಕಳಿಸಿದ, ಗಿಂಕ್ಗೊ ಎಂಬ ಸಸ್ಯದ ಗುಳಿಗೆ. ಕೊನೆಗೆ, ಹೆಸರು ಬರೆಯದ ಪೊಟ್ಟಣದಲ್ಲಿ ಬಂದ ಒಂದು ಭಸ್ಮ.

ಸಸ್ಯೌಷಧವೆಂದ ಮಾತ್ರಕ್ಕೆ ತಳ್ಳಿಹಾಕುವುದು ವಿಜ್ಞಾನದ ರೀತಿಯಲ್ಲ. ಈ ರೋಗಕ್ಕೆ ಇಂದು ವೈದ್ಯರೇ ಬರೆದುಕೊಡುವ ಗ್ಯಾಲಂಟಮೀನ್ ಎಂಬುದನ್ನು ಮೊದಲು ತೆಗೆದದ್ದು ಪುಟ್ಟ ಹೂಗಿಡವೊಂದರ ಗಡ್ಡೆಯಿಂದ. ಪ್ರಶ್ನೆ ಮೂಲದ್ದಲ್ಲ, ಪರೀಕ್ಷೆಯದು. ಒಂದೆಲಗ, ನೀರುಬ್ರಾಹ್ಮಿಗಳ ಮೇಲೆ ನಡೆದ ಪ್ರಯೋಗಗಳು ಚಿಕ್ಕವು. ಡಿಮೆನ್ಷಿಯಾವನ್ನು ಅವು ಹಿಮ್ಮೆಟ್ಟಿಸುತ್ತವೆಂಬುದು ಸಿದ್ಧವಾಗಿಲ್ಲ. ಗಿಂಕ್ಗೊವಿನ ಪರೀಕ್ಷೆಯಾದರೋ ದೊಡ್ಡದಾಗಿಯೇ ನಡೆಯಿತು: ಅಮೆರಿಕದಲ್ಲಿ 3,069 ಮಂದಿ ವೃದ್ಧರಲ್ಲಿ ಅರ್ಧದಷ್ಟು ಜನಕ್ಕೆ ಅದನ್ನೂ, ಉಳಿದವರಿಗೆ ಅದರಂತೆಯೇ ತೋರುವ ಹುಸಿಗುಳಿಗೆಯನ್ನೂ ಸುಮಾರು ಆರು ವರ್ಷ ಕೊಟ್ಟು ನೋಡಿದಾಗ, ರೋಗ ಬರುವುದನ್ನು ಅದು ತಡೆಯಲಿಲ್ಲವೆಂದು 2008ರಲ್ಲಿ ಗೊತ್ತಾಯಿತು. ಇನ್ನು ಭಸ್ಮದ ವಿಚಾರ. ಅದೇ ವರ್ಷ ಪ್ರಕಟವಾದ ಬೇರೊಂದು ಅಧ್ಯಯನದಲ್ಲಿ, ಅಂತರ್ಜಾಲದ ಮೂಲಕ ಮಾರುತ್ತಿದ್ದ 193 ಆಯುರ್ವೇದ ಔಷಧಗಳ ಪೈಕಿ ಐದರಲ್ಲೊಂದು ಪಾಲಿನಷ್ಟರಲ್ಲಿ ಸೀಸ, ಪಾದರಸ ಅಥವಾ ಪಾಷಾಣ ಸಿಕ್ಕಿದವು. ಸೀಸವು ಮಿದುಳಿಗೆ ವಿಷ. ಮಿದುಳಿನ ವ್ಯಾಧಿಗಳನ್ನು ಗುಣಪಡಿಸುವುದಾಗಿ ಔಷಧದ ಜಾಹೀರಾತು ಕೊಡುವುದನ್ನು ನಮ್ಮ ದೇಶದ 1954ರ ಕಾಯಿದೆಯೇ ನಿಷೇಧಿಸಿರುವಾಗ, ಅಂತಹ ಭರವಸೆ ಕೊಡುವವನ ಮುಂದೆ ಕೈಮುಗಿದು ನಿಲ್ಲಬೇಕಾದ ಅಗತ್ಯ ಯಾರಿಗೂ ಇಲ್ಲ.

ಮೇಷ್ಟರ ಮನೆಯಲ್ಲಿ ಅಪಾಯ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ಹೃದ್ರೋಗಕ್ಕಾಗಿ ಅವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಹಿಂದಿನಿಂದಲೂ ತೆಗೆದುಕೊಳ್ಳುತ್ತಿದ್ದರು. ಗಿಂಕ್ಗೊ ಅಂತಹ ಮಾತ್ರೆಯೊಡನೆ ಸೇರಿದರೆ ರಕ್ತಸ್ರಾವದ ಭಯವುಂಟು. ಒಂದು ಬೆಳಿಗ್ಗೆ ವಸಡಿನಿಂದ ರಕ್ತ ನಿಲ್ಲದಾಯಿತು. ಆಸ್ಪತ್ರೆಯಲ್ಲಿ "ಬೇರೆ ಏನಾದರೂ ಕೊಡುತ್ತಿದ್ದೀರಾ?" ಎಂದು ಕೇಳಿದಾಗ, ಡಾಕ್ಟರು ಬೈದಾರೆಂಬ ಅಂಜಿಕೆಯಿಂದ ಮೇಷ್ಟರ ಹೆಂಡತಿ ಇಲ್ಲವೆಂದುಬಿಟ್ಟರು. ಮಗ ಸಂಜೆ ಬಂದು ಎಲ್ಲವನ್ನೂ ತೆರೆದು ಹೇಳಿದ ಮೇಲೆಯೇ ಕಾರಣ ತಿಳಿದದ್ದು. ಆ ತಾಯಿಯಲ್ಲಿ ನಾನು ದೋಷ ಕಾಣಲಾರೆ. ಅಂತಹ ಅಂಜಿಕೆ ಮನೆಮನೆಯಲ್ಲಿದೆ. ಕೇಳುವ ಧ್ವನಿಯಲ್ಲಿ ಗದರಿಕೆಯಿಲ್ಲದಂತೆ ನೋಡಿಕೊಳ್ಳುವುದು ವೈದ್ಯರ ಹೊಣೆ.

ಆ ಸಲ ಮಾಡಿದ ರಕ್ತಪರೀಕ್ಷೆಯಲ್ಲಿ ಬಿ12 ಜೀವಸತ್ವವು ತೀರ ಕಡಿಮೆಯಿರುವುದೂ ಕಂಡುಬಂತು. ಇದು ಎಲ್ಲರೂ ತಿಳಿದಿರಬೇಕಾದ ಸಂಗತಿ. ಬಿ12ರ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಬಿದ್ದು ತಲೆಯೊಳಗೆ ಮೆಲ್ಲಗೆ ಕಟ್ಟಿಕೊಂಡ ರಕ್ತ, ಮನಸ್ಸಿನ ಖಿನ್ನತೆ, ನಿದ್ರೆಯ ಮಾತ್ರೆಗಳು, ಇವೆಲ್ಲವೂ ಮರೆವಿನ ವೇಷ ಧರಿಸಿ ಬರುವುದುಂಟು. ಇವುಗಳಿಗೆ ಉಪಾಯವೂ ಉಂಟು. ನಾಟಿಮದ್ದಿನ ಹಿಂದೆ ಹೋಗಿ ಕಳೆದ ತಿಂಗಳುಗಳಲ್ಲಿ ಇಂತಹ ಕಾರಣವೊಂದು ಕಣ್ತಪ್ಪಿ ಉಳಿದರೆ, ಅದು ನಿಜವಾದ ನಷ್ಟ. ಚುಚ್ಚುಮದ್ದಿನಿಂದ ಮೇಷ್ಟರ ನಡಿಗೆ ಸ್ಥಿರವಾಯಿತು, ಮುಖದಲ್ಲಿ ಚೈತನ್ಯ ಬಂತು. ಮರೆವು ಹೋಗಲಿಲ್ಲ.

ಈಗ ಆ ಮನೆಯಲ್ಲಿ ತಂಬುಳಿ ಉಳಿದಿದೆ, ಪೊಟ್ಟಣಗಳು ಹೋಗಿವೆ. ಏಳುವುದು, ಸ್ನಾನ, ಊಟ ಎಲ್ಲವೂ ದಿನವೂ ಒಂದೇ ಹೊತ್ತಿಗೆ. ಬಚ್ಚಲಿನ ಬಾಗಿಲಿಗೆ ಅದರ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದ್ದಾರೆ. ತಪ್ಪು ಹೇಳಿದಾಗ ಯಾರೂ ತಿದ್ದುವುದಿಲ್ಲ. ಕಿವಿ ಮಂದವಾಗಿದ್ದುದನ್ನು ಗಮನಿಸಿ ಶ್ರವಣಯಂತ್ರ ತಂದ ಮೇಲೆ ಅವರ ಸಿಡುಕು ಎಷ್ಟೋ ತಗ್ಗಿತು. ಮೊಮ್ಮಗ ಹದಿನೇಳರ ಮಗ್ಗಿಯಲ್ಲಿ ತಡವರಿಸಿದಾಗ ಮಾತ್ರ ಅವರು, ಆ ಹುಡುಗನ ಹೆಸರನ್ನೇ ಅರಿಯದವರು, ಕೂತಲ್ಲಿಂದಲೇ "ನೂರಾ ಹತ್ತೊಂಬತ್ತು" ಎಂದು ಮುಂದಿನ ಅಂಕಿಯನ್ನು ಎತ್ತಿಕೊಡುತ್ತಾರೆ.

ನಿಮ್ಮ ಮನೆಯಲ್ಲಿಯೂ ಇಂತಹ ಹಿರಿಯರಿದ್ದರೆ, ಮುಂದಿನ ಸಲ ವೈದ್ಯರ ಬಳಿಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆ, ಲೇಹ್ಯ, ಚೂರ್ಣ, ಎಣ್ಣೆಗಳೆಲ್ಲವನ್ನೂ ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಿ, ಅವರ ಮೇಜಿನ ಮೇಲೆ ಇಡಿ. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಹಿರಿಯ ನಾಗರಿಕರಿಗಾಗಿ ಇರುವ ಉಚಿತ ಸಹಾಯವಾಣಿಯ ಸಂಖ್ಯೆ 14567.