ಕೊನೆಯ ಕೋಣೆಗೆ ಬಿಸಿ ಮುಟ್ಟಿಸುವ ಲೆಕ್ಕ

ಚಾಳಿನ ನಲ್ಲಿಯ ಅನುಭವವಿಲ್ಲದ ವಾಚಕರು ನಮ್ಮಲ್ಲಿ ವಿರಳ. ಬೆಳಿಗ್ಗೆ ನೀರು ಬಂದ ಹೊತ್ತಿಗೆ ಮುಂದಿನ ಖೋಲಿಗಳವರು ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟರೆಂದರೆ, ಕೊನೆಯ ಖೋಲಿಯವರ ಕೊಡ ತುಂಬುವುದೇ ಇಲ್ಲ. ಟಾಕಿಯಲ್ಲಿ ನೀರಿಗೆ ಬರವಿಲ್ಲ, ದೋಷವಿರುವುದು ಹಂಚಿಕೆಯಲ್ಲಿ. ಇದೇ ತಕರಾರು ಇಂಗ್ಲೆಂಡಿನಂಥ ಚಳಿದೇಶದ ಮನೆಗಳಲ್ಲಿ ಬಿಸಿನೀರಿನ ರೂಪದಲ್ಲಿ ಏಳುತ್ತದೆ. ಮಗನೋ ಮಗಳೋ ಅಲ್ಲಿ ನೌಕರಿಗೆ ಹೋಗಿರುವ ಸಂಸಾರಗಳು ನಮ್ಮ ನಡುವೆಯೂ ಉಂಟು. "ಹಿಂದಿನ ಕೋಣೆ ಬೆಚ್ಚಗೇ ಆಗುವುದಿಲ್ಲ, ದೊಡ್ಡ ಪಂಪು ಹಾಕಿಸಬೇಕಂತೆ" ಎಂದು ಅವರು ಫೋನಿನಲ್ಲಿ ಹೇಳಿದರೆ, ಹಣ ತೆಗೆಯುವ ಮೊದಲು ಈ ಲೆಕ್ಕವನ್ನೊಮ್ಮೆ ಮಾಡಿ ನೋಡುವುದು ಒಳಿತು. ಆ ಹಿಂದಿನ ಕೋಣೆಯಲ್ಲಿ ಮಲಗುವುದು ಹಸುಳೆಯೋ ವೃದ್ಧರೋ ಆದರೆ ವಿಷಯ ಇನ್ನೂ ಗಂಭೀರ. ಚಳಿನಾಡಿನ ಮನೆಯೊಳಗೆ ಕನಿಷ್ಠ 18 ಡಿಗ್ರಿ ಉಷ್ಣತೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಲಹೆ ಮಾಡಿದೆ.

ಅಲ್ಲಿಯ ಏರ್ಪಾಡು ಹೀಗೆ: ಒಂದು ಗ್ಯಾಸ್ ಬಾಯ್ಲರ್ ನೀರನ್ನು ಕಾಯಿಸುತ್ತದೆ, ಪಂಪು ಅದನ್ನು ಕೊಳವೆಗಳಲ್ಲಿ ನೂಕುತ್ತದೆ. ಪ್ರತಿ ಕೋಣೆಯ ಗೋಡೆಗೂ ಉಕ್ಕಿನ ಚಪ್ಪಟೆ ಪೆಟ್ಟಿಗೆಯೊಂದನ್ನು ತಗುಲಿಸಿರುತ್ತಾರೆ, ಅದೇ ರೇಡಿಯೇಟರ್. ಬಿಸಿನೀರು ಅದರೊಳಗೆ ಹೊಕ್ಕು, ಶಾಖವನ್ನು ಕೋಣೆಗೆ ಬಿಟ್ಟು, ಇನ್ನೊಂದು ಕೊಳವೆಯಿಂದ ಬಾಯ್ಲರಿಗೆ ಮರಳುತ್ತದೆ. ಅಡ್ಡಿ ಎಲ್ಲಿ ಕಡಿಮೆಯೋ ಅಲ್ಲಿಗೇ ನೀರು ಹೆಚ್ಚು ಹರಿಯುವುದು. ಹೀಗಾಗಿ ಬಾಯ್ಲರಿನ ಪಕ್ಕದ ರೇಡಿಯೇಟರಿಗೆ ಬೇಕಾದುದಕ್ಕಿಂತ ಹೆಚ್ಚು ಸಿಗುತ್ತದೆ, ದೂರದ್ದಕ್ಕೆ ಉಳಿದದ್ದೇ ಗತಿ.

ಯಾರಿಗೆ ಎಷ್ಟು ನೀರು ಸಲ್ಲಬೇಕು? ಲೆಕ್ಕ ನಾವು ಶಾಲೆಯಲ್ಲಿ ಕಲಿತದ್ದೇ. ಒಂದು ಲೀಟರ್ ನೀರು ಒಂದು ಡಿಗ್ರಿ ತಣಿದರೆ ಒಂದು ಕಿಲೋಕ್ಯಾಲರಿ ಶಾಖ ಬಿಡುತ್ತದೆ. ಒಂದು ಕಿಲೋವ್ಯಾಟ್ ಎಂದರೆ ಗಂಟೆಗೆ ಸುಮಾರು 860 ಕಿಲೋಕ್ಯಾಲರಿ. ಆದುದರಿಂದ ಕೋಣೆಗೆ ಬೇಕಾದ ಕಿಲೋವ್ಯಾಟನ್ನು 860ರಿಂದ ಗುಣಿಸಿ, ನೀರು ಎಷ್ಟು ಡಿಗ್ರಿ ತಣಿದು ಹೊರಬರಬೇಕೋ ಅದರಿಂದ ಭಾಗಿಸಿದರೆ, ಗಂಟೆಗೆ ಎಷ್ಟು ಲೀಟರ್ ಎಂಬುದು ಬಂತು. ಇಷ್ಟೇ ಸೂತ್ರ.

ಕೋಣೆಗೆ ಎಷ್ಟು ಕಿಲೋವ್ಯಾಟ್ ಬೇಕೆಂಬುದು ಗೋಡೆ, ಕಿಟಕಿಗಳನ್ನು ಅವಲಂಬಿಸಿದೆ. ಹಳೆಯ ಇಟ್ಟಿಗೆಗೋಡೆಯಾದರೆ ಚದರ ಮೀಟರಿಗೆ, ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು 2 ವ್ಯಾಟ್ ಸೋರುತ್ತದೆ. ಒಳಗೆ 20, ಹೊರಗೆ ಸೊನ್ನೆಗಿಂತ 3 ಕೆಳಗೆ ಇದ್ದರೆ, 10 ಚದರ ಮೀಟರ್ ಗೋಡೆಯಿಂದ 460 ವ್ಯಾಟ್ ಹೋಯಿತು. ಕಿಟಕಿ, ಮಾಡು, ನೆಲ, ಸಂದಿನ ಗಾಳಿ ಇವನ್ನೂ ಹೀಗೆಯೇ ಕೂಡಿಸಬೇಕು.

ಒಂದು ಮನೆಯಲ್ಲಿ ನಡುಮನೆಗೆ 2, ಮಲಗುವ ಕೋಣೆಗೆ 1.2, ಹಿಂದಿನ ಕೋಣೆಗೆ 0.8 ಕಿಲೋವ್ಯಾಟ್ ಬೇಕೆನ್ನೋಣ. ನೀರು 70 ಡಿಗ್ರಿಯಲ್ಲಿ ಹೊಕ್ಕು 50ರಲ್ಲಿ ಹೊರಬರಲಿ. ತಣಿಯುವುದು 20 ಡಿಗ್ರಿ. 860ನ್ನು 20ರಿಂದ ಭಾಗಿಸಿದರೆ 43. ಅಂದರೆ ನಡುಮನೆಗೆ ಗಂಟೆಗೆ 86 ಲೀಟರ್, ಮಲಗುವ ಕೋಣೆಗೆ ಸುಮಾರು 52, ಹಿಂದಿನದಕ್ಕೆ ಸುಮಾರು 34. ಒಟ್ಟು 172 ಲೀಟರ್. ನಿಮಿಷಕ್ಕೆ ಮೂರು ಲೀಟರೂ ಆಗಲಿಲ್ಲ! ನಮ್ಮ ನಲ್ಲಿಯ ಸಣ್ಣ ಧಾರೆಯಷ್ಟೇ ನೀರು ಮೂರು ಕೋಣೆಗಳನ್ನು ಬೆಚ್ಚಗಿಡಬಲ್ಲದು. ದೊಡ್ಡ ಪಂಪಿನ ಮಾತು ಬಂದಾಗ ಈ ಅಂಕಿಯನ್ನು ನೆನೆಯಬೇಕು.

ಇಲ್ಲೊಂದು ಮೋಸಹೋಗುವ ಸ್ಥಳವಿದೆ. ರೇಡಿಯೇಟರಿನ ಮೇಲೆ ಅಚ್ಚಾದ ಕಿಲೋವ್ಯಾಟು, ನೀರಿನ ಸರಾಸರಿ ಬಿಸಿ ಕೋಣೆಗಿಂತ 50 ಡಿಗ್ರಿ ಹೆಚ್ಚಿದ್ದಾಗಿನದು. ನಮ್ಮ ಉದಾಹರಣೆಯಲ್ಲಿ ಸರಾಸರಿ 60, ಕೋಣೆ 20. ಹೆಚ್ಚಳ 40 ಮಾತ್ರ. ಆಗ ಅಚ್ಚಾದ ಅಂಕಿಯ ಮುಕ್ಕಾಲು ಪಾಲಷ್ಟೇ ಸಿಗುತ್ತದೆ. ಪಟ್ಟಿ ನೋಡಿ ಕೊಂಡವರು ಇದನ್ನು ಮರೆಯುವುದುಂಟು.

ಹತ್ತಿರದ ರೇಡಿಯೇಟರಿಗೆ ಇಮ್ಮಡಿ ನೀರು ಹೋದರೆ ಆ ಕೋಣೆಗೆ ಇಮ್ಮಡಿ ಶಾಖ ಸಿಗುವುದೇ? ಇಲ್ಲ. ನಮ್ಮ ಉದಾಹರಣೆಯಲ್ಲಿ ಸಿಗುವ ಹೆಚ್ಚಳ ನೂರಕ್ಕೆ 15ರ ಸುಮಾರು. ಮಿಕ್ಕ ಬಿಸಿಯನ್ನು ನೀರು ಹಾಗೆಯೇ ಹೊತ್ತು ಬಾಯ್ಲರಿಗೆ ಹಿಂದಿರುಗುತ್ತದೆ. ಅದರಿಂದ ಗ್ಯಾಸಿನ ಬಿಲ್ಲಿಗೂ ಪೆಟ್ಟು. ಈಗಿನ ಬಾಯ್ಲರುಗಳು ಹೊಗೆಯಲ್ಲಿರುವ ನೀರಾವಿಯನ್ನು ತಣಿಸಿ ಅದರ ಶಾಖವನ್ನೂ ಹಿಡಿಯುತ್ತವೆ. ಮರಳುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಅದು ಸಾಧ್ಯ. ದೊಡ್ಡ ಪಂಪು ಹಾಕಿಸಿದರೂ ಹಂಚಿಕೆ ಬದಲಾಗದು: ಅದೇ ಕೊಳವೆಯಲ್ಲಿ ಇಮ್ಮಡಿ ನೀರು ನೂಕಲು ಸುಮಾರು ನಾಲ್ಕು ಪಟ್ಟು ಒತ್ತಡ ಬೇಕು, ಜೊತೆಗೆ ಕೊಳವೆಗಳು ಸದ್ದು ಮಾಡತೊಡಗುತ್ತವೆ.

ಸರಿ, ಹರಿವನ್ನು ಅಳೆಯುವುದು ಹೇಗೆ? ಮೀಟರು ಬೇಡ. ರೇಡಿಯೇಟರಿನ ಒಂದು ತುದಿಯಲ್ಲಿ ದಿನವೂ ತಿರುಗಿಸುವ ವಾಲ್ವು, ಇನ್ನೊಂದು ತುದಿಯಲ್ಲಿ ಟೋಪಿ ಹಾಕಿದ ವಾಲ್ವು ಇರುತ್ತದೆ. ಎರಡನೆಯದಕ್ಕೆ ಲಾಕ್‌ಶೀಲ್ಡ್ ಎನ್ನುತ್ತಾರೆ. ಮೊದಲು ರೇಡಿಯೇಟರುಗಳ ಗಾಳಿ ಬಿಡಬೇಕು. ಬಳಿಕ ಎಲ್ಲ ವಾಲ್ವುಗಳನ್ನೂ ಪೂರ್ತಿ ತೆರೆದು, ತಣ್ಣಗಿರುವ ಬಾಯ್ಲರನ್ನು ಹಚ್ಚಿ, ಯಾವುದು ಮೊದಲು ಬಿಸಿಯಾಗುವುದೆಂದು ಬರೆದಿಟ್ಟುಕೊಳ್ಳಬೇಕು. ಮೊದಲು ಬಿಸಿಯಾದದ್ದರ ಲಾಕ್‌ಶೀಲ್ಡನ್ನು ಮುಚ್ಚಿ, ಕಾಲು ಸುತ್ತಿನಷ್ಟು ಮಾತ್ರ ತೆರೆಯಬೇಕು. ಒಳಬರುವ, ಹೊರಹೋಗುವ ಎರಡು ಕೊಳವೆಗಳಿಗೂ ಥರ್ಮಾಮೀಟರ್ ಕಚ್ಚಿಸಿ ನೋಡಬೇಕು. ವ್ಯತ್ಯಾಸ 20ಕ್ಕಿಂತ ಕಡಿಮೆಯಾದರೆ ನೀರು ಹೆಚ್ಚಾಯಿತು, ಇನ್ನಷ್ಟು ಮುಚ್ಚಬೇಕು. ಹೆಚ್ಚಾದರೆ ತುಸು ತೆರೆಯಬೇಕು. ಹೀಗೆ ಸಾಲಾಗಿ ಕೊನೆಯದರವರೆಗೆ. ಒಂದನ್ನು ತಿರುಗಿಸಿದರೆ ಮಿಕ್ಕವು ಕದಲುತ್ತವೆ, ಆದ್ದರಿಂದ ಇನ್ನೊಂದು ಸುತ್ತು ಬರಬೇಕಾಗುತ್ತದೆ. ಪ್ರತಿ ಸಲವೂ ಹತ್ತು ಹದಿನೈದು ನಿಮಿಷ ಕಾಯಬೇಕು. ಅವಸರದವರಿಗೆ ಈ ಕೆಲಸ ಹೇಳಿದ್ದಲ್ಲ.

ಬಾಯ್ಲರಿನ ಬದಲು ಹೀಟ್ ಪಂಪು ಇರುವ ಮನೆಯಲ್ಲಿ ನೀರು ತಣಿಯುವುದು ಸುಮಾರು 5 ಡಿಗ್ರಿ ಮಾತ್ರ. ಅಲ್ಲಿ ಅದೇ 4 ಕಿಲೋವ್ಯಾಟಿಗೆ ಗಂಟೆಗೆ 688 ಲೀಟರ್ ಬೇಕು. ಆಗ ಸಣ್ಣ ಕೊಳವೆ ನಿಜವಾಗಿಯೂ ಸಾಲದೆ ಹೋಗಬಹುದು.

ಕೆಲಸ ಮುಗಿದ ಮೇಲೆ ಯಾವ ವಾಲ್ವು ಎಷ್ಟು ಸುತ್ತು ತೆರೆದಿದೆ ಎಂದು ಒಂದು ಚೀಟಿಯಲ್ಲಿ ಬರೆದು ಬಾಯ್ಲರಿನ ಬಳಿ ಅಂಟಿಸಿಡಲಿ. ಗೋಡೆಗೆ ಬಣ್ಣ ಬಳಿಯಲು ರೇಡಿಯೇಟರನ್ನು ಬಿಚ್ಚುವವರು ಲಾಕ್‌ಶೀಲ್ಡನ್ನು ಮುಚ್ಚುತ್ತಾರೆ, ಮತ್ತೆ ಜೋಡಿಸುವಾಗ ಪೂರ್ತಿ ತೆರೆದಿಟ್ಟು ಹೋಗುತ್ತಾರೆ.