ಸ್ವಾಮಿ-ಸೇವಕ ಹಾಸ್ಯದಲ್ಲಿ ನುಡಿಯ ಸ್ಥಾನ

ಆಲಸಿಯಾದ ಒಡೆಯ, ಚತುರನಾದ ಆಳು—ಹಾಸ್ಯಸಾಹಿತ್ಯದಲ್ಲಿ ಈ ಜೋಡಿಯು ಅತಿ ಪುರಾತನವಾದುದು. ಕ್ರಿ. ಪೂ. 191ರಲ್ಲಿ ರೋಮ್ ನಗರದಲ್ಲಿ ಪ್ರದರ್ಶಿತವಾದ ಪ್ಲಾಟಸನ ‘ಸ್ಯೂಡೊಲಸ್’ ನಾಟಕದಲ್ಲಿಯೇ ಯಜಮಾನನ ಮಗನ ಪ್ರಣಯವು ದಾಸನೊಬ್ಬನ ಬುದ್ಧಿಬಲದಿಂದ ದಡ ಸೇರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಈ ಜೋಡಿಗೆ ಹೊಸ ಕಳೆಯನ್ನು ತಂದವನು ಆಂಗ್ಲ ಲೇಖಕನಾದ ಪಿ. ಜಿ. ವುಡ್‌ಹೌಸ್ (1881–1975). 1915ರ ಕಥೆಯೊಂದರಲ್ಲಿ ಒಂದೆರಡು ಮಾತುಗಳನ್ನಷ್ಟೇ ಆಡಿ ಮರೆಯಾದ ಜೀವ್ಸ್ ಎಂಬ ಖಾಸಾ ಸೇವಕನು, 1974ರ ಕಡೆಯ ಕಾದಂಬರಿಯವರೆಗೂ ಬರ್ಟಿ ವೂಸ್ಟರನೆಂಬ ಸಿರಿವಂತ ತರುಣನ ಜೊತೆಗಾರನಾಗಿ ನಿಂತನು.

ಈ ಕಥೆಗಳ ಹಂದರವು ಸರಳ. ಬರ್ಟಿಯು ಒಲ್ಲದ ಮದುವೆಯಲ್ಲಿಯೋ ಅತ್ತೆಯ ಆಜ್ಞೆಯಲ್ಲಿಯೋ ಸಿಲುಕುವನು, ಜೀವ್ಸನು ಬಿಡಿಸುವನು, ಪ್ರತಿಫಲವಾಗಿ ಒಡೆಯನು ತನಗೆ ಪ್ರಿಯವಾದ, ಸೇವಕನಿಗೆ ಅಪ್ರಿಯವಾದ ಒಂದು ಉಡುಪನ್ನೋ ಹವ್ಯಾಸವನ್ನೋ ತೊರೆಯುವನು. 1934ರ ‘ಥ್ಯಾಂಕ್ ಯು, ಜೀವ್ಸ್’ ಕಾದಂಬರಿಯಲ್ಲಿ ಒಡೆಯನ ತಂತಿವಾದ್ಯವನ್ನು ಸಹಿಸಲಾರದೆ ಜೀವ್ಸನು ಕೆಲಸವನ್ನೇ ಬಿಡುತ್ತಾನೆ. ಸಂಬಳ ಕೊಡುವವನು ಒಬ್ಬ, ಆಳುವವನು ಇನ್ನೊಬ್ಬ.

ಆದರೆ ನಗೆಯ ಮೂಲವು ಹಂದರದಲ್ಲಿಲ್ಲ, ನುಡಿಯಲ್ಲಿದೆ. ಕಥೆಯನ್ನು ಹೇಳುವವನು ಸಾಮಾನ್ಯವಾಗಿ ಬರ್ಟಿಯೇ. ಅವನದು ಪಡ್ಡೆಹುಡುಗರ ಬೀದಿಮಾತು; ನಡುನಡುವೆ ಶಾಲೆಯಲ್ಲಿ ಕಲಿತು ಅರ್ಧ ಮರೆತ ಕಾವ್ಯದ ತುಣುಕುಗಳು. ಜೀವ್ಸನದು ತೂಕದ, ವ್ಯಾಕರಣಶುದ್ಧವಾದ ಗ್ರಾಂಥಿಕ ವಾಣಿ. ಒಡೆಯನು ಮರೆತ ಪದ್ಯವನ್ನು ಪೂರ್ತಿಮಾಡುವವನು ಅವನೇ.

ನಮ್ಮ ಪರಂಪರೆಯು ಇದಕ್ಕೆ ಸರಿಯಾಗಿ ವಿಪರೀತ. ಸಂಸ್ಕೃತ ನಾಟಕದಲ್ಲಿ ರಾಜನದು ಸಂಸ್ಕೃತ, ವಿದೂಷಕನದು ಪ್ರಾಕೃತ. ಮೂಡಲಪಾಯ, ದೊಡ್ಡಾಟಗಳೆಂಬ ಬಯಲಾಟಗಳಲ್ಲಿಯೂ ಅರಸನು ‘ಎಲೈ ಸಾರಥಿಯೇ’ ಎಂದು ಉಬ್ಬಿದ ಗದ್ಯದಲ್ಲಿ ಗರ್ಜಿಸಿದರೆ, ಸಾರಥಿಯು ಊರ ಮಾತಿನಲ್ಲಿ ಕೆಣಕಿ ನಗಿಸುತ್ತಾನೆ. ಎರಡೂ ಕಡೆ ನಗೆಯು ಹುಟ್ಟುವುದು ನುಡಿಯ ಏರುತಗ್ಗಿನಿಂದಲೇ. ಇಂಗ್ಲಿಷಿನಲ್ಲಿ ಮಾತ್ರ ಏರಿನ ಮೇಲೆ ಸೇವಕನು ನಿಂತಿದ್ದಾನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂತಹ ನಡುನಾಡಿನ ತಾಲ್ಲೂಕುಗಳಲ್ಲಿ ಸಾಹಿತ್ಯವನ್ನು ಬೋಧಿಸುವವರಿಗೆ ಈ ಹೋಲಿಕೆಯು ದೂರದ ಕಥೆಗಳನ್ನು ಹತ್ತಿರಕ್ಕೆ ತರಬಲ್ಲುದು.

ಅನುವಾದಕನು ಎಡವುವ ಸ್ಥಳವೂ ಇದೇ. ಆಳಿಗೆ ಹಳ್ಳಿಯ ನುಡಿಯನ್ನೂ ಒಡೆಯನಿಗೆ ಶಿಷ್ಟ ನುಡಿಯನ್ನೂ ಕೊಡುವ ನಮ್ಮ ರೂಢಿಯನ್ನು ಅನುಸರಿಸಿದರೆ ಕಥೆಯು ಉಳಿದು ಹಾಸ್ಯವು ಸಾಯುತ್ತದೆ. ‘ಏನಯ್ಯಾ, ಎಲ್ಲಾ ಎಡವಟ್ಟಾಯ್ತಲ್ಲ!’ ಎಂದು ಒಡೆಯನು ಗೋಳಾಡಬೇಕು. ‘ಸನ್ನಿವೇಶವು ಕಿಂಚಿತ್ ಕ್ಲೇಶಕರವಾಗಿದೆ, ಸ್ವಾಮಿ’ ಎಂದು ಸೇವಕನು ಉತ್ತರಿಸಬೇಕು.

ಇನ್ನೊಂದು ತೊಡಕುಂಟು. ಇಂದಿನ ಇಂಗ್ಲಿಷಿನ ಮಧ್ಯಮಪುರುಷ ಸರ್ವನಾಮವು ಒಂದೇ. ಕನ್ನಡದಲ್ಲಿ ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳಿವೆ. ಜೀವ್ಸನು ‘ತಾವು’ ಎನ್ನುವುದರಲ್ಲಿ ಸಂದೇಹವಿಲ್ಲ. ಬರ್ಟಿಯು ‘ನೀವು’ ಎಂದರೆ ಒಡೆತನವು ಕರಗುತ್ತದೆ. ‘ನೀನು’ ಎಂದರೆ ಒಡೆತನವು ಮಾತಿನಲ್ಲಿ ಉಳಿದು, ನಡತೆಯಲ್ಲಿ ತಲೆಕೆಳಗಾಗುತ್ತದೆ. ಆದುದರಿಂದ ‘ನೀನು’ ಎಂಬುದೇ ಯುಕ್ತ. ಮೂಲದಲ್ಲಿ ಮರೆಯಾಗಿರುವ ಈ ವ್ಯಂಗ್ಯವನ್ನು ಕನ್ನಡವು ತನ್ನ ವ್ಯಾಕರಣದಿಂದಲೇ ಎತ್ತಿ ತೋರಿಸಬಲ್ಲುದು. ಅನುವಾದದಲ್ಲಿ ಕಳೆಯುವುದೇ ಹೆಚ್ಚೆಂಬ ಮಾತಿಗೆ ಇದೊಂದು ಅಪವಾದ.