‘ನಿವೃತ್ತಿವೇತನ’: ಪದ ಮತ್ತು ಪ್ರಯೋಗ

ಸೇವೆಯಿಂದ ಬಿಡುಗಡೆ ಹೊಂದಿದವರಿಗೆ ತಿಂಗಳು ತಿಂಗಳು ಸಲ್ಲುವ ಹಣಕ್ಕೆ ಕನ್ನಡದಲ್ಲಿ ಪಿಂಚಣಿ, ಮಾಸಾಶನ, ವಿಶ್ರಾಂತಿವೇತನ, ನಿವೃತ್ತಿವೇತನ ಎಂಬ ಹೆಸರುಗಳು ಬಳಕೆಯಲ್ಲಿವೆ. ಇವೆಲ್ಲವೂ ಸಮಾನಾರ್ಥಕಗಳೆಂದು ತಿಳಿಯುವುದು ವಾಡಿಕೆ. ಆದರೆ ಆ ಹಣವು ಕೊಡುವವರ ಕೃಪೆಯೋ ಪಡೆಯುವವರ ಹಕ್ಕೋ ಎಂಬ ಪ್ರಶ್ನೆಗೆ ಈ ಪದಗಳು ಹೇಳುವ ಉತ್ತರ ಒಂದೇ ಅಲ್ಲ.

‘ಪಿಂಚಣಿ’ಯು ಆಂಗ್ಲಭಾಷೆಯ ‘ಪೆನ್ಷನ್’ ಶಬ್ದವು ನಮ್ಮ ನಾಲಗೆಗೆ ಒಗ್ಗಿದ ರೂಪ. ಅದರ ಮೂಲವಾದ ಲ್ಯಾಟಿನ್ ಶಬ್ದಕ್ಕೆ ತೂಗುವುದು, ತೂಗಿ ಸಲ್ಲಿಸುವುದು ಎಂದರ್ಥ. ಸಲ್ಲಿಸುವುದನ್ನು ಈ ಪದ ಸೂಚಿಸುತ್ತದೆಯೇ ಹೊರತು ಏತಕ್ಕಾಗಿ ಎಂಬುದನ್ನು ಸೂಚಿಸುವುದಿಲ್ಲ. ಆದುದರಿಂದಲೇ 1834ರಲ್ಲಿ ರಾಜ್ಯವನ್ನು ಕಳೆದುಕೊಂಡ ಕೊಡಗಿನ ಚಿಕ್ಕವೀರರಾಜೇಂದ್ರನಿಗೆ ಕಂಪನಿ ಸರ್ಕಾರ ಕೊಟ್ಟುದೂ ಪಿಂಚಣಿಯೇ, ಗುಮಾಸ್ತನಿಗೆ ಬರುವುದೂ ಪಿಂಚಣಿಯೇ.

‘ಮಾಸಾಶನ’ವು ಮಾಸ, ಅಶನ ಎಂಬೆರಡು ಪದಗಳ ಸಮಾಸ; ತಿಂಗಳ ಊಟವೆಂದರ್ಥ. ಇಲ್ಲಿ ಪಡೆಯುವವರ ಅಗತ್ಯವೇ ಮುಖ್ಯ. ವೃದ್ಧ ಕಲಾವಿದರಿಗೆ ಸರ್ಕಾರ ನೀಡುವ ನೆರವಿಗೆ ಈ ಹೆಸರು ಇಂದಿಗೂ ರೂಢಿಯಲ್ಲಿದೆ.

‘ನಿವೃತ್ತಿ’ಯನ್ನು ‘ವೃತ್ತಿಯಿಲ್ಲದಿರುವಿಕೆ’ ಎಂದು ಬಿಡಿಸುವವರುಂಟು. ಅದು ಸರಿಯಲ್ಲ. ಇಲ್ಲಿರುವ ಉಪಸರ್ಗ ‘ನಿ’, ‘ನಿರ್’ ಅಲ್ಲ. ಹಿಂದಿರುಗುವುದು, ವಿರಮಿಸುವುದು ಎಂಬುದೇ ಅರ್ಥ. ‘ವೇತನ’ವಾದರೋ ದುಡಿಮೆಯ ಪ್ರತಿಫಲ. ದುಡಿಮೆಯಿಂದ ವಿರಮಿಸಿದವನಿಗೆ ದುಡಿಮೆಯ ಪ್ರತಿಫಲವೆಂತು? ವಿರೋಧವು ತೋರಿಕೆಯದು. ದುಡಿದ ದಿನಗಳಲ್ಲಿ ಸಲ್ಲದೆ ಉಳಿದ ಫಲದ ಒಂದಂಶವೇ ಮುಂದೆ ಸಲ್ಲುತ್ತದೆಂದು ತಿಳಿದರೆ ಸಮಾಸವು ಸಾರ್ಥಕವಾಗುತ್ತದೆ. ನಕಾರಾ ಪ್ರಕರಣದಲ್ಲಿ 1982ರ ಡಿಸೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಇದು ಒಡೆಯನ ಔದಾರ್ಯವಲ್ಲ, ಸಲ್ಲಿಸಿದ ಸೇವೆಗೆ ದೊರೆಯುವ ಹಕ್ಕು ಎಂದು ಸಾರಿತು. ಪದದೊಳಗೆ ಮೊದಲೇ ಅಡಗಿದ್ದ ಅರ್ಥಕ್ಕೆ ನ್ಯಾಯದ ಮುದ್ರೆ ಬಿದ್ದಂತಾಯಿತು.

ಈ ಭಾವನೆ ಕನ್ನಡನಾಡಿಗೆ ಹೊಸದಲ್ಲ. ಕಾಳಗದಲ್ಲಿ ಮಡಿದ ವೀರನ ಕುಟುಂಬಕ್ಕೆ ಬಿಟ್ಟ ಭೂಮಿಯನ್ನು ಶಾಸನಗಳು ‘ನೆತ್ತರುಗೊಡಗೆ’ ಎಂದು ಕರೆದಿವೆ. ಕೊಟ್ಟವನ ಹಿರಿಮೆಯನ್ನಲ್ಲ, ಹರಿದ ನೆತ್ತರನ್ನು ಆ ಪದ ನೆನೆಯುತ್ತದೆ.

ಯಾವ ಕಚೇರಿಯ ಹಾಜರಿಪುಸ್ತಕದಲ್ಲಿಯೂ ಹೆಸರಿಲ್ಲದ ಕೂಲಿಕಾರ್ತಿಗೆ ಮುಪ್ಪಿನಲ್ಲಿ ಸಲ್ಲುವ ಹಣವನ್ನು ನಾವು ‘ವೃದ್ಧಾಪ್ಯವೇತನ’ ಎನ್ನುತ್ತೇವೆ. ಅವಳ ಬಾಳೆಲ್ಲವೂ ದುಡಿಮೆಯೇ ಆಗಿತ್ತೆಂಬುದನ್ನು ಆ ಮಾತು ಒಪ್ಪಿಕೊಂಡಿದೆ. ಹೀಗಿರಲು ಅರ್ಜಿಗಳಲ್ಲಿ ‘ವೇತನವನ್ನು ದಯಪಾಲಿಸಬೇಕು’ ಎಂದು ಬರೆಯುವುದು ಅಪಪ್ರಯೋಗ. ದಯಪಾಲಿಸುವುದು ದಾನವನ್ನು, ವೇತನವು ಸಲ್ಲತಕ್ಕದ್ದು.